ಮುಖವಾಡ ಕಂಪನಿಯದ್ದು, ಬೆನ್ನುಮೂಳೆ ಯಾರದ್ದು? ನಾಯಕಿ ಬಿಟ್ಟುಹೋದ ಮೇಲೂ ನಡೆದ ‘ಬ್ಯಾಟ್‌ವುಮನ್’ ಕತೆ

2020ರ ಮೇ 17ರಂದು ಅಮೆರಿಕದ ಸಿಡಬ್ಲ್ಯೂ ವಾಹಿನಿಯಲ್ಲಿ ‘ಬ್ಯಾಟ್‌ವುಮನ್’ ಸರಣಿಯ ಮೊದಲ ಸೀಸನ್ ಮುಗಿಯಿತು. ಎರಡೇ ದಿನಕ್ಕೆ ನಾಯಕಿ ರೂಬಿ ರೋಸ್ ಇನ್ನು ಈ ಸರಣಿಯಲ್ಲಿ ಇರುವುದಿಲ್ಲ ಅನ್ನೋ ಸುದ್ದಿ ಬಂತು. ಎರಡನೇ ಸೀಸನ್ ಮಾಡೋದು ಆ ವರ್ಷದ ಜನವರಿಯಲ್ಲೇ ಖಚಿತವಾಗಿತ್ತು. ಒಂದೆರಡು ಎಪಿಸೋಡುಗಳ ಬರವಣಿಗೆಯೂ ಆಗಿತ್ತು. ಸರಣಿಗೆ ಇರೋದೇ ನಾಯಕಿಯ ಹೆಸರು, ಈಗ ಆ ನಾಯಕಿಯೇ ಇಲ್ಲ.

ಇದರಲ್ಲಿ ನಮಗೇನು ಅಂತ ಕೇಳಬಹುದು. ಎಷ್ಟೋ ದೂರದ ದೇಶದ, ಅಷ್ಟೇನೂ ದೊಡ್ಡದಲ್ಲದ ವಾಹಿನಿಯ ಸೂಪರ್‌ಹೀರೋ ಸೀರಿಯಲ್ಲು. ಆದರೆ ನಾಯಕ ನಟ ಬಿಟ್ಟುಹೋದ ಮೇಲೂ ಸರಣಿ ಮುಂದುವರಿಸೋದು ಹೇಗೆ ಅನ್ನೋ ಪ್ರಶ್ನೆಯನ್ನ ಸ್ವಲ್ಪ ಕೆದಕಿದರೂ ಸಾಕು, ಪಾತ್ರ ಯಾರ ಸ್ವತ್ತು, ಕೆಲಸದ ಜಾಗದಲ್ಲಿ ಪೆಟ್ಟು ಬಿದ್ದರೆ ಹೊಣೆ ಯಾರದ್ದು, ತೆರೆಯ ಮೇಲೆ ತಮ್ಮಂಥವರನ್ನು ಅಪರೂಪಕ್ಕೆ ಕಾಣುವ ಜನರಿಗೆ ಆ ಪಾತ್ರ ಅಂದರೆ ಏನು ಅನ್ನೋವೆಲ್ಲ ಒಂದರ ಹಿಂದೊಂದು ಬರುತ್ತವೆ. ಈ ಮೂರೂ ಒಂದೇ ಕಡೆ ಇಷ್ಟು ನಿಚ್ಚಳವಾಗಿ ಸಿಗೋದು ‘ಬ್ಯಾಟ್‌ವುಮನ್’ನಲ್ಲೇ. ಹಾಗಾಗಿ ಅದನ್ನೇ ಹಿಡಿದು ಹೇಳ್ತೀನಿ.

ಬದಲಿ ನಟರ ಹಳೇ ದಾರಿಗಳು

ನಮ್ಮ ಕನ್ನಡ ಸೀರಿಯಲ್ ನೋಡುವವರಿಗೆ ಮೊದಲನೇ ದಾರಿ ಹೇಳಿಕೊಡಬೇಕಿಲ್ಲ. ನಿನ್ನೆವರೆಗೆ ಒಬ್ಬರು ಸೊಸೆ, ಇವತ್ತಿನಿಂದ ಇನ್ನೊಬ್ಬರು ಸೊಸೆ. ಅತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಬೈಯೋದನ್ನ ಮುಂದುವರಿಸ್ತಾರೆ. ಸೂಪರ್‌ಹೀರೋ ಸರಣಿಗಳೂ ಇದನ್ನೇ ಮಾಡಿವೆ. 1988ರಲ್ಲಿ ಶುರುವಾದ ‘ಸೂಪರ್‌ಬಾಯ್’ನಲ್ಲಿ ಮೊದಲ ಸೀಸನ್ ಆದ ಮೇಲೆ ಜಾನ್ ಹೇಮ್ಸ್ ನ್ಯೂಟನ್ ಹೋದರು, ಜೆರಾರ್ಡ್ ಕ್ರಿಸ್ಟೋಫರ್ ಬಂದರು, ಅಷ್ಟೇ. ಬ್ರಿಟನ್ನಿನ ‘ಡಾಕ್ಟರ್ ಹೂ’ ಇನ್ನೂ ಜಾಣತನ ತೋರಿಸಿತು. 1966ರಲ್ಲಿ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಾಗ, ಈ ಡಾಕ್ಟರು ಮನುಷ್ಯನೇ ಅಲ್ಲ, ದೇಹ ಸವೆದರೆ ಹೊಸ ದೇಹ ಪಡೀತಾನೆ ಅಂತ ಕತೆ ಕಟ್ಟಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದರು. ಆ ಒಂದು ಉಪಾಯದಿಂದಲೇ ಸರಣಿ ದಶಕಗಟ್ಟಲೆ ಬದುಕಿತು.

ನನಗೆ ಇವೆರಡಕ್ಕಿಂತ ಮುಖ್ಯ ಅನ್ನಿಸೋದು ಜಪಾನಿನದ್ದು. 1971ರ ಏಪ್ರಿಲ್‌ನಲ್ಲಿ ‘ಕಾಮೆನ್ ರೈಡರ್’ ಶುರುವಾಯಿತು. ಬೈಕ್ ಓಡಿಸುವ ಮುಖವಾಡದ ವೀರನ ಕತೆ. ನಾಯಕ ಹಿರೋಶಿ ಫುಜಿಯೋಕಾ ಸಾಹಸ ದೃಶ್ಯಗಳನ್ನೂ ತಾವೇ ಮಾಡುತ್ತಿದ್ದರು. ಆರಂಭದ ಎಪಿಸೋಡುಗಳ ಚಿತ್ರೀಕರಣದಲ್ಲೇ ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ಕೆಲವು ಎಪಿಸೋಡು ಹಳೇ ತುಣುಕುಗಳನ್ನು ಜೋಡಿಸಿ, ಬೇರೆಯವರ ದನಿ ಕೊಟ್ಟು ತಳ್ಳಿದರು. ಪಾತ್ರವನ್ನು ಸಾಯಿಸಿಬಿಡೋಣ ಅನ್ನೋ ಮಾತೂ ಬಂತು. ಮಕ್ಕಳು ನಂಬಿಕೊಂಡಿರೋ ವೀರನನ್ನ ಕೊಲ್ಲಬಾರದು ಅಂತ ನಿರ್ಮಾಪಕ ತೋರು ಹಿರಾಯಾಮ ಒಪ್ಪಲಿಲ್ಲ. ನಾಯಕ ಯುರೋಪಿಗೆ ಹೋಗಿದ್ದಾನೆ, ಅಲ್ಲಿ ಶತ್ರುಗಳ ವಿರುದ್ಧ ಹೋರಾಡ್ತಿದ್ದಾನೆ ಅಂತ ಹೇಳಿ, 14ನೇ ಎಪಿಸೋಡಿನಲ್ಲಿ ತಾಕೇಶಿ ಸಸಾಕಿ ಅವರನ್ನು ಎರಡನೇ ರೈಡರ್ ಆಗಿ ತಂದರು. ವೇಷ ಹೆಚ್ಚುಕಮ್ಮಿ ಅದೇ, ಮನುಷ್ಯ ಬೇರೆ, ಹೆಸರು ಬೇರೆ. ಫುಜಿಯೋಕಾ ಗುಣವಾಗಿ ವಾಪಸ್ ಬಂದಾಗ ಇಬ್ಬರು ರೈಡರ್‌ಗಳೂ ಒಟ್ಟಿಗೆ ಹೋರಾಡಿದರು. ಇವತ್ತಿಗೂ ಜಪಾನಿನಲ್ಲಿ ಹೊಸ ಹೊಸ ಕಾಮೆನ್ ರೈಡರ್‌ಗಳು ಬರುತ್ತಲೇ ಇದ್ದಾರೆ, ಪ್ರತಿ ಸಲವೂ ಹೊಸ ಹುಡುಗ. ಈ ಇಡೀ ಪರಂಪರೆಯ ಬುಡದಲ್ಲಿ ಇರೋದು ಒಬ್ಬ ಕೆಲಸಗಾರನ ಮುರಿದ ಕಾಲು. ಅಲ್ಲಿನವರು ಅವನಿಗೆ ವಾಪಸ್ ಬರೋ ಬಾಗಿಲು ತೆರೆದಿಟ್ಟಿದ್ದರು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಎಲ್ಲರೂ ಹಾಗಿರಲ್ಲ. 1993ರಲ್ಲಿ ಅಮೆರಿಕದಲ್ಲಿ ಶುರುವಾದ ‘ಪವರ್ ರೇಂಜರ್ಸ್’ ನಮ್ಮಲ್ಲಿ ಎಷ್ಟೋ ಮಂದಿ ಚಿಕ್ಕವರಿದ್ದಾಗ ನೋಡಿದ್ದೇವೆ. ಅದರ ಹೊಡೆದಾಟದ ದೃಶ್ಯಗಳಲ್ಲಿ ಬಹುಪಾಲು ಜಪಾನಿನ ಸರಣಿಯೊಂದರಿಂದ ತಂದವು. ಹೆಲ್ಮೆಟ್ ಒಳಗೆ ಇರೋದು ಜಪಾನಿನ ಸ್ಟಂಟ್ ಕಲಾವಿದರು, ಹೆಲ್ಮೆಟ್ ತೆಗೆದಾಗ ಕಾಣೋದು ಅಮೆರಿಕದ ಹುಡುಗ ಹುಡುಗಿಯರು. ಈ ನಿರ್ಮಾಣ ಕಲಾವಿದರ ಯೂನಿಯನ್ನಿನ ಒಪ್ಪಂದದ ಹೊರಗಿತ್ತು. ಸರಣಿ ಭಾರೀ ಹಿಟ್ ಆಗಿ ಆಟಿಕೆಗಳು ಅಂಗಡಿಯಲ್ಲಿ ನಿಲ್ಲದಷ್ಟು ಮಾರಾಟವಾಗ್ತಿದ್ದ ಕಾಲದಲ್ಲೇ, 1994ರಲ್ಲಿ, ಸಂಬಳದ ತಕರಾರಿನಿಂದ ಆಸ್ಟಿನ್ ಸೇಂಟ್ ಜಾನ್, ವಾಲ್ಟರ್ ಜೋನ್ಸ್, ಥುಯ್ ಟ್ರಾಂಗ್ ಹೊರಬಿದ್ದರು. ಆಮೇಲೂ ಕೆಲವು ಎಪಿಸೋಡುಗಳಲ್ಲಿ ಅವರ ಪಾತ್ರಗಳು ಇದ್ದವು. ಹೆಲ್ಮೆಟ್ ಹಾಕಿಕೊಂಡು, ಬೆನ್ನು ತಿರುಗಿಸಿಕೊಂಡು, ಹಳೇ ತುಣುಕುಗಳಲ್ಲಿ. ಕೊನೆಗೆ ಮೂವರನ್ನೂ ‘ಶಾಂತಿ ಸಮ್ಮೇಳನ’ಕ್ಕೆ ಸ್ವಿಟ್ಜರ್ಲೆಂಡಿಗೆ ಕಳಿಸಿ, ಮೂವರು ಹೊಸಬರಿಗೆ ಶಕ್ತಿ ವರ್ಗಾಯಿಸಿದರು. ಕೂಲಿ ಕೇಳಿದವರನ್ನ ಶಾಂತಿ ಸಮ್ಮೇಳನಕ್ಕೆ ಕಳಿಸೋದು! ಬರೆದವರಿಗೆ ಇದರ ವ್ಯಂಗ್ಯ ಹೊಳೆದಿತ್ತೋ ಇಲ್ಲವೋ.

ಮುಖವಾಡ ಮಾಲೀಕರಿಗೆ ಎಷ್ಟು ಅನುಕೂಲ ನೋಡಿ. ವಕೀಲನ ಪಾತ್ರದಲ್ಲೋ ಡಾಕ್ಟರ ಪಾತ್ರದಲ್ಲೋ ನಟನ ಮುಖವೇ ಪಾತ್ರ. ಸೂಪರ್‌ಹೀರೋ ವಿಷಯದಲ್ಲಿ ಮೌಲ್ಯ ಇರೋದು ವೇಷದಲ್ಲಿ, ಲಾಂಛನದಲ್ಲಿ, ಹೆಸರಿನಲ್ಲಿ. ಅವೆಲ್ಲ ಕಂಪನಿಯ ಸ್ವತ್ತು. ಸೂಪರ್‌ಮ್ಯಾನ್ ಪಾತ್ರವನ್ನು ಸೃಷ್ಟಿಸಿದ ಜೆರ‍್ರಿ ಸೀಗೆಲ್ ಮತ್ತು ಜೋ ಶಸ್ಟರ್ 1938ರಲ್ಲಿ ಅದರ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದು 130 ಡಾಲರಿಗೆ. ಈ ಉದ್ಯಮದ ಲೆಕ್ಕಾಚಾರ ಶುರುವಾಗೋದೇ ಅಲ್ಲಿಂದ.

ಒಂದು ಕಡೆಗೆ ಮಾತ್ರ ತೆರೆಯುವ ಬಾಗಿಲು

‘ಆಪ್ಶನ್’ ಅನ್ನೋ ಪದವನ್ನ ಇಲ್ಲಿ ಅರ್ಥ ಮಾಡಿಕೊಳ್ಳಬೇಕು. ಅಮೆರಿಕದ ಟಿವಿಯಲ್ಲಿ ಮುಖ್ಯ ಪಾತ್ರದ ನಟರು ಸಾಮಾನ್ಯವಾಗಿ ಶುರುವಿನಲ್ಲೇ ಹಲವು ವರ್ಷಗಳಿಗೆ ಸಹಿ ಹಾಕಿರ್ತಾರೆ. ಪ್ರತಿ ಸೀಸನ್ ಮುಗಿದಾಗ ಮುಂದಿನ ಸೀಸನ್‌ಗೆ ಅವರನ್ನು ಇಟ್ಟುಕೊಳ್ಳಬೇಕೋ ಬೇಡವೋ ಅಂತ ಆಯ್ಕೆ ಮಾಡೋ ಹಕ್ಕು ಸ್ಟುಡಿಯೋಗೆ. ನಟರಿಗೆ ಆ ಹಕ್ಕಿಲ್ಲ. ಅವರು ಬೇಕಾದಾಗ ತೆಗೀಬಹುದು, ಇವರು ಬೇಕಾದಾಗ ಹೋಗೋ ಹಾಗಿಲ್ಲ. ಇದಕ್ಕೂ ಒಂದು ಮಿತಿ ಇದೆ ಅಂತ ಕೋರ್ಟಿನಿಂದ ಹೇಳಿಸಿದ್ದು ಒಬ್ಬ ನಟಿಯೇ. ಒಲಿವಿಯಾ ಡಿ ಹ್ಯಾವಿಲೆಂಡ್ ಪಾತ್ರ ಬೇಡ ಅಂದಾಗೆಲ್ಲ ವಾರ್ನರ್ ಬ್ರದರ್ಸ್ ಅವರನ್ನು ಅಮಾನತು ಮಾಡಿ, ಆ ದಿನಗಳನ್ನೂ ಒಪ್ಪಂದದ ಕೊನೆಗೆ ಸೇರಿಸುತ್ತಾ ಹೋಯಿತು. ಅವರು ಕೋರ್ಟಿಗೆ ಹೋದರು. ಕ್ಯಾಲಿಫೋರ್ನಿಯಾ ಕಾನೂನಿನ ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ, ಅದಕ್ಕಿಂತ ಹೆಚ್ಚು ಯಾರನ್ನೂ ಕಟ್ಟಿಹಾಕುವಂತಿಲ್ಲ ಅಂತ 1944ರಲ್ಲಿ ತೀರ್ಪು ಬಂತು. ‘ಬ್ಯಾಟ್‌ವುಮನ್’ ತಯಾರಿಸಿದ ಸ್ಟುಡಿಯೋ ಕೂಡ ವಾರ್ನರ್ ಬ್ರದರ್ಸ್‌ನದೇ.

ಕೇಟ್ ಹೋದಳು, ರಯಾನ್ ಬಂದಳು

ಬ್ಯಾಟ್‌ವುಮನ್ ಪಾತ್ರ ಮೊದಲು ಬಂದಿದ್ದು 1956ರ ಕಾಮಿಕ್ಸಿನಲ್ಲಿ. ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಸಲಿಂಗಿಗಳು ಅನ್ನೋ ಗುಸುಗುಸು ಅಡಗಿಸೋಕೆ ಒಬ್ಬ ಹೆಣ್ಣನ್ನು ತಂದು ನಿಲ್ಲಿಸಿದರು ಅಂತಲೇ ಕಾಮಿಕ್ಸ್ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಹೇಳ್ತಾರೆ. ಅದೇ ಬ್ಯಾಟ್‌ವುಮನ್ 2006ರಲ್ಲಿ ಕೇಟ್ ಕೇನ್ ಅನ್ನೋ ಯಹೂದಿ ಲೆಸ್ಬಿಯನ್ ಹೆಣ್ಣಾಗಿ ಮರಳಿದಳು. 2019ರ ಅಕ್ಟೋಬರಿನಲ್ಲಿ ಟಿವಿಗೆ ಬಂದಾಗ, ಸಲಿಂಗಿ ಹೆಣ್ಣೊಬ್ಬಳು ಶೀರ್ಷಿಕೆ ಪಾತ್ರದಲ್ಲಿರುವ ಮೊದಲ ಸೂಪರ್‌ಹೀರೋ ಸರಣಿ ಅನ್ನೋ ಹೆಗ್ಗಳಿಕೆ ಅದಕ್ಕೆ ಸಿಕ್ಕಿತು. ಹಾಗಾಗಿ ನಾಯಕಿ ಹೋದಾಗ ಪ್ರೇಕ್ಷಕರಿಗೆ ಹುಟ್ಟಿದ್ದು ಬರೀ ಬೇಸರವಲ್ಲ, ಭಯ. ಅಮೆರಿಕದ ಟಿವಿಯಲ್ಲಿ ಸಲಿಂಗಿ ಪಾತ್ರಗಳನ್ನು, ಅದರಲ್ಲೂ ಹೆಣ್ಣು ಪಾತ್ರಗಳನ್ನು, ಎಗ್ಗಿಲ್ಲದೆ ಸಾಯಿಸುವ ಚಾಳಿ ಹಳೆಯದು. ಕೇಟ್‌ಳನ್ನೂ ಕೊಂದುಬಿಡ್ತಾರೆ ಅಂತ ಗಲಾಟೆ ಎದ್ದಿತು.

ಸರಣಿಯ ಬರವಣಿಗೆಯ ಹೊಣೆ ಹೊತ್ತಿದ್ದ ಕ್ಯಾರೋಲಿನ್ ಡ್ರೈಸ್ ಸ್ವತಃ ಸಲಿಂಗಿ ಸಮುದಾಯದವರು. ಕೇಟ್‌ಳನ್ನು ಅಳಿಸಿಹಾಕಲ್ಲ ಅಂತ ಅವರು ಬಹಿರಂಗವಾಗಿ ಹೇಳಬೇಕಾಯಿತು. ಮೊದಲು ಅವರ ತಲೆಯಲ್ಲಿದ್ದಿದ್ದು ನಮ್ಮ ಸೀರಿಯಲ್ ದಾರಿಯೇ. ಅದೇ ಕೇಟ್, ಬೇರೆ ನಟಿ. ಎಪಿಸೋಡು ಬರೆದಾಗಿತ್ತಲ್ಲ, ಕೆಲಸ ಉಳಿಯುತ್ತಿತ್ತು. ನಿರ್ಮಾಪಕ ಗ್ರೆಗ್ ಬರ್ಲ್ಯಾಂಟಿ ಬೇಡ ಅಂದರಂತೆ. ರೂಬಿ ರೋಸ್ ಮಾಡಿದ ಕೆಲಸಕ್ಕೆ ಗೌರವ ಕೊಟ್ಟು ಪಾತ್ರವನ್ನೇ ಹೊಸದು ಮಾಡೋಣ ಅನ್ನೋದು ಅವರ ಸಲಹೆಯಾಗಿತ್ತು. ಜುಲೈ 8ಕ್ಕೆ ಜವಿಷಿಯಾ ಲೆಸ್ಲಿ ಹೆಸರು ಘೋಷಣೆಯಾಯಿತು. ತೆರೆಯ ಮೇಲೆ ಬ್ಯಾಟ್‌ವುಮನ್ ಆದ ಮೊದಲ ಕಪ್ಪು ಮಹಿಳೆ. ಪಾತ್ರದ ಹೆಸರು ರಯಾನ್ ವೈಲ್ಡರ್.

ಇಲ್ಲಿ ದಿನಾಂಕಗಳನ್ನ ಸ್ವಲ್ಪ ಗಮನಿಸಿ. ರೂಬಿ ರೋಸ್ ಹೊರಹೋದ ಸುದ್ದಿ ಮೇ 19. ಮಿನಿಯಾಪೊಲಿಸ್‌ನಲ್ಲಿ ಪೊಲೀಸರು ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದಿದ್ದು ಮೇ 25. ಅಮೆರಿಕ ಬೀದಿಗಿಳಿದಿದ್ದ ಆ ಬೇಸಿಗೆಯಲ್ಲೇ ಈ ಹೊಸ ನಾಯಕಿ ರೂಪುಗೊಂಡಿದ್ದು. ಅದರ ಪರಿಣಾಮ ಕತೆಯೊಳಗೆ ಕಣ್ಣಿಗೆ ಹೊಡೆದಂತೆ ಕಾಣುತ್ತೆ. ಮೊದಲ ಸೀಸನ್ನಿನ ಕೇಟ್ ಯಾರು? ಬ್ರೂಸ್ ವೇಯ್ನ್‌ನ ಸೋದರಸಂಬಂಧಿ, ಶ್ರೀಮಂತೆ. ಅವಳಪ್ಪ ಜೇಕಬ್ ಕೇನ್ ‘ಕ್ರೋಸ್’ ಅನ್ನೋ ಖಾಸಗಿ ಭದ್ರತಾ ಪಡೆಯ ಒಡೆಯ. ಊರಿನ ಪೊಲೀಸ್ ಕೆಲಸವನ್ನೇ ಹೆಚ್ಚುಕಮ್ಮಿ ಗುತ್ತಿಗೆ ತೆಗೆದುಕೊಂಡಿರುವ ಪಡೆ ಅದು. ರಯಾನ್ ಯಾರು? ಸಾಕುತಾಯಿಯನ್ನ ಕಳೆದುಕೊಂಡವಳು. ತನ್ನದಲ್ಲದ ಡ್ರಗ್ಸ್ ಕೇಸಿನಲ್ಲಿ 18 ತಿಂಗಳು ಜೈಲಿನಲ್ಲಿದ್ದವಳು. ಪರೋಲ್ ಮೇಲೆ ಹೊರಗಿರುವವಳು, ಒಂದು ಗಿಡ ಇಟ್ಟುಕೊಂಡು ವ್ಯಾನಿನಲ್ಲಿ ವಾಸ. ಕ್ರೋಸ್ ಪಡೆಯವರು ತಡೆದು ನಿಲ್ಲಿಸೋದೇ ಇವಳಂಥವರನ್ನ.

ಮುಖವಾಡ ಒಂದೇ. ಒಳಗಿರುವ ಮನುಷ್ಯ ಬದಲಾದ ಕೂಡಲೇ ‘ನ್ಯಾಯ’ ಅನ್ನೋ ಪದದ ಅರ್ಥವೇ ಬೇರೆಯಾಯಿತು. ಕಳ್ಳರನ್ನು ಹಿಡಿದು ಜೈಲಿಗೆ ಹಾಕೋದು ಕೇಟ್‌ಗೆ ಕತೆಯ ಸುಖಾಂತ್ಯ. ಜೈಲು ಅಂದರೇನು ಅಂತ ಗೊತ್ತಿರೋ ರಯಾನ್‌ಗೆ ಅಲ್ಲಿಂದಲೇ ಪ್ರಶ್ನೆ ಶುರು. ಆ ಸೀಸನ್ನಿನಲ್ಲಿ ಬ್ಯಾಟ್‌ವುಮನ್‌ಳ ಜೊತೆಗಾರ, ಕಪ್ಪು ಯುವಕ ಲ್ಯೂಕ್ ಫಾಕ್ಸ್‌ನಿಗೆ ಕ್ರೋಸ್ ಪಡೆಯವನೊಬ್ಬ ಗುಂಡು ಹೊಡೀತಾನೆ, ಆಮೇಲೆ ತಪ್ಪು ಅವನದ್ದೇ ಅಂತ ಕತೆ ಕಟ್ಟುತ್ತಾರೆ. ಸೀಸನ್ ಮುಗಿಯೋ ಹೊತ್ತಿಗೆ ಪಡೆಯನ್ನೇ ಮುಚ್ಚಲಾಗುತ್ತೆ. ವೇಷವೂ ಬದಲಾಯಿತು. ಕೇಟ್‌ಳ ಕೆಂಪು ನೇರಗೂದಲಿನ ವಿಗ್ಗು ಹೋಗಿ, ರಯಾನ್‌ಳ ಗುಂಗುರು ಕೂದಲಿಗೆ ಹೊಂದುವ ವಿಗ್ಗು, ಅವಳ ಮೈಕಟ್ಟಿಗೆ ತಕ್ಕ ಉಡುಪು ಬಂತು. ಬೇರೆಯವಳ ಅಂಗಿ ಹಾಕಿಕೊಂಡು ಓಡಾಡಲ್ಲ ಅಂತ ಪಾತ್ರವೇ ಹೇಳಿದ ಹಾಗಿತ್ತು. ನಟರು ಬದಲಾದಾಗ ಸರಣಿಯೊಂದು ಇಷ್ಟು ಒಳಗಿನಿಂದ ಬದಲಾಗಿದ್ದನ್ನ ನಾನು ಬೇರೆಲ್ಲೂ ನೋಡಿಲ್ಲ.

ಹಾಗಂತ ಸರಣಿಗೆ ತನ್ನ ನಿರ್ಧಾರದ ಮೇಲೆ ಪೂರ್ತಿ ನಂಬಿಕೆ ಇತ್ತಾ? ಇಲ್ಲ. 2021ರ ಜನವರಿ 17ಕ್ಕೆ ಬಂದ ಹೊಸ ಸೀಸನ್ನಿನ ಮೊದಲ ಎಪಿಸೋಡಿನ ಹೆಸರೇ ಕೇಟ್‌ಗೆ ಏನಾಯಿತು ಅನ್ನೋ ಅರ್ಥದ್ದು. ವಿಮಾನ ಬಿದ್ದಿದೆ, ಕೇಟ್ ಕಾಣೆಯಾಗಿದ್ದಾಳೆ. ರಯಾನ್ ಮೈಮುರಿದು ಊರು ಕಾಯ್ತಿದ್ದರೆ, ಸುತ್ತ ಇರುವವರೆಲ್ಲ ವಾರಗಟ್ಟಲೆ ಕೇಟ್ ಜಪ ಮಾಡ್ತಾರೆ. ಕೊನೆಗೆ ಕೇಟ್ ಸಿಕ್ಕಳು, ಆದರೆ ಸುಟ್ಟಗಾಯಕ್ಕೆ ಶಸ್ತ್ರಚಿಕಿತ್ಸೆ ಆಗಿ ಮುಖ ಬದಲಾಗಿದೆ, ನೆನಪನ್ನೂ ಅಳಿಸಿದ್ದಾರೆ! ಆ ಪಾತ್ರಕ್ಕೆ ವಾಲಿಸ್ ಡೇ ಬಂದರು. ಅಂದರೆ ಹೊಸ ಪಾತ್ರವನ್ನೂ ತಂದರು, ಹಳೇ ಪಾತ್ರಕ್ಕೆ ಬದಲಿ ನಟಿಯನ್ನೂ ತಂದರು. ಕೇಟ್‌ಳನ್ನು ಕೊಲ್ಲಲಿಲ್ಲ, ಮಾತು ಉಳಿಸಿಕೊಂಡರು, ಸರಿ. ಆದರೆ ಕಪ್ಪು ನಾಯಕಿ ತನ್ನದೇ ಸರಣಿಯಲ್ಲಿ ಅರ್ಧ ಸೀಸನ್ ಬದಲಿ ಆಟಗಾರ್ತಿಯ ಹಾಗೆ ನಿಲ್ಲಬೇಕಾಯಿತು. ಮೂರನೇ ಸೀಸನ್ನಿಗೆ ಬರೋ ಹೊತ್ತಿಗೆ ವ್ಯಾನಿನಲ್ಲಿದ್ದ ಹುಡುಗಿ ವೇಯ್ನ್ ಕಂಪನಿಯ ಮುಖ್ಯಸ್ಥೆ. ಅವಳ ಹೆತ್ತತಾಯಿಯೂ ದೊಡ್ಡ ಉದ್ಯಮಿ ಅಂತ ಗೊತ್ತಾಗುತ್ತೆ. ಬಡವಳನ್ನ ಬಡವಳಾಗಿಯೇ ನಾಯಕಿಯಾಗಿಡೋಕೆ ಟಿವಿಗೆ ಯಾಕಿಷ್ಟು ಕಷ್ಟವೋ.

ಪಾತ್ರವನ್ನ ಉಳಿಸಬೇಕು ಅನ್ನೋರ ವಾದ

ಹೊಸ ಪಾತ್ರ ತರೋದೇ ಸರಿ ಅನ್ನೋದಕ್ಕೆ ಗಟ್ಟಿ ತಕರಾರೂ ಇದೆ, ಅದನ್ನೂ ಹೇಳಬೇಕು. ಸಿನಿಮಾ ಲೋಕದ ಉದಾಹರಣೆ, ಆದರೆ ಪ್ರಶ್ನೆ ಇದೇ. ‘ಬ್ಲ್ಯಾಕ್ ಪ್ಯಾಂಥರ್’ ನಾಯಕ ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮಾರ್ವೆಲ್ ಬೇರೆ ನಟನನ್ನು ತರಲಿಲ್ಲ. 2022ರ ಚಿತ್ರದಲ್ಲಿ ರಾಜ ಟಿ’ಚಾಲಾ ಕೂಡ ಸತ್ತ, ತಂಗಿ ಶುರಿ ಮುಖವಾಡ ಹಾಕಿಕೊಂಡಳು. ಬಹಳ ಮಂದಿ ಇದನ್ನು ಗೌರವ ಅಂದರು. ಆದರೆ ಪಾತ್ರವನ್ನ ಬೇರೆ ನಟನಿಗೆ ಕೊಡಿ ಅಂತ ಅಭಿಮಾನಿಗಳಿಂದಲೇ ಸಹಿ ಸಂಗ್ರಹವೂ ನಡೆಯಿತು. ಬಿಳಿಯರ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್‌ಗಳನ್ನ ಎಷ್ಟೋ ನಟರು ಮಾಡಿದ್ದಾರೆ, ಕಪ್ಪು ರಾಜನೊಬ್ಬ ಮಾತ್ರ ಯಾಕೆ ನಟನ ಜೊತೆಗೇ ಸಾಯಬೇಕು ಅನ್ನೋದು ಅವರ ವಾದ. ಈ ವಾದವನ್ನ ಸುಮ್ಮನೆ ತಳ್ಳಿಹಾಕೋಕೆ ನನಗಂತೂ ಆಗಲ್ಲ. ಸಾವು ಬೇರೆ, ಕೆಲಸ ಬಿಟ್ಟುಹೋಗೋದು ಬೇರೆ ಅನ್ನಿ. ಆದರೂ ಕೇಟ್ ಕೇನ್ ವಿಷಯದಲ್ಲಿ ಯಹೂದಿ ಸಲಿಂಗಿ ಹೆಣ್ಣುಮಕ್ಕಳಿಗೆ ಆದ ನಷ್ಟ ನಿಜದ್ದೇ, ರಯಾನ್ ಬಂದಳು ಅಂತ ಅದು ತುಂಬಿಹೋಗಲ್ಲ.

ಅಷ್ಟಕ್ಕೂ ಅವರು ಹೋಗಿದ್ದು ಯಾಕೆ?

ಇಷ್ಟೂ ದಿನ ಚರ್ಚೆಯೆಲ್ಲ ಕತೆ ಹೇಗೆ ಸರಿಹೋಯಿತು ಅನ್ನೋದರ ಸುತ್ತಲೇ ಇತ್ತು. ನಾಯಕಿ ಹೋಗಿದ್ದೇಕೆ ಅನ್ನೋದನ್ನ ಕೇಳಿದವರು ಕಡಿಮೆ. ಗೊತ್ತಿದ್ದದ್ದು ಇಷ್ಟು: 2019ರಲ್ಲಿ ಸ್ಟಂಟ್ ಮಾಡುವಾಗ ಆದ ಪೆಟ್ಟಿನಿಂದ ಬೆನ್ನುಮೂಳೆಯ ಡಿಸ್ಕ್ ಜಾರಿ ರೂಬಿ ರೋಸ್‌ಗೆ ತುರ್ತು ಶಸ್ತ್ರಚಿಕಿತ್ಸೆ ಆಗಿತ್ತು. ಅದನ್ನ ಅವರೇ ಆಗ ಹೇಳಿಕೊಂಡಿದ್ದರು. 2020ರ ಮಾರ್ಚಿನಲ್ಲಿ ವ್ಯಾಂಕೂವರಿನಲ್ಲಿ ಇದೇ ಸರಣಿಯ ಕೆಲಸದಲ್ಲಿದ್ದ ಪ್ರೊಡಕ್ಷನ್ ಅಸಿಸ್ಟೆಂಟ್ ಒಬ್ಬರ ತಲೆ ಮೇಲೆ ಲಿಫ್ಟ್ ಯಂತ್ರದ ತೊಟ್ಟಿ ಇಳಿದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನವೇ ಹೋಯಿತು. ನಾಯಕಿಯ ಸುದ್ದಿಗೆ ಸಿಕ್ಕ ಜಾಗದ ಒಂದು ಪಾಲೂ ಈ ಸುದ್ದಿಗೆ ಸಿಗಲಿಲ್ಲ. ಅವರ ಜಾಗಕ್ಕೆ ಯಾರನ್ನು ತಂದರು ಅಂತ ಯಾವ ಅಭಿಮಾನಿಯೂ ಕೇಳಲಿಲ್ಲ.

2021ರ ಅಕ್ಟೋಬರಿನಲ್ಲಿ ರೂಬಿ ರೋಸ್ ಇನ್‌ಸ್ಟಾಗ್ರಾಮಿನಲ್ಲಿ ಸಾಲು ಸಾಲು ಆರೋಪ ಮಾಡಿದರು. ಶಸ್ತ್ರಚಿಕಿತ್ಸೆಯಾದ ಹತ್ತೇ ದಿನಕ್ಕೆ ಕೆಲಸಕ್ಕೆ ಬರುವಂತೆ ಒತ್ತಡ ಹಾಕಿದರು, ಸೆಟ್ಟಿನಲ್ಲಿ ಸುರಕ್ಷತೆ ಇರಲಿಲ್ಲ, ತಂಡದ ಬೇರೆಯವರಿಗೂ ಗಾಯಗಳಾದವು ಅಂದರು. ತಾನಾಗಿ ಬಿಡಲಿಲ್ಲ ಅಂತಲೂ ಹೇಳಿದರು. ವಾರ್ನರ್ ಬ್ರದರ್ಸ್ ಟೆಲಿವಿಷನ್ ಇದನ್ನ ಪೂರ್ತಿ ಅಲ್ಲಗಳೆಯಿತು. ಕೆಲಸದ ಜಾಗದಲ್ಲಿನ ಅವರ ನಡವಳಿಕೆ ಬಗ್ಗೆ ಹಲವು ದೂರುಗಳು ಬಂದಿದ್ದವು, ಹಾಗಾಗಿ ಎರಡನೇ ಸೀಸನ್ನಿಗೆ ‘ಆಪ್ಶನ್’ ಬಳಸಲಿಲ್ಲ ಅಂತ ಹೇಳಿಕೆ ಕೊಟ್ಟಿತು. ಅವರು ಹೆಸರಿಸಿದ್ದ ಸಹನಟರೊಬ್ಬರೂ ಆರೋಪಗಳನ್ನ ನಿರಾಕರಿಸಿದರು. ಯಾರದ್ದು ಸತ್ಯ ಅಂತ ಹೊರಗೆ ಕೂತವರು ತೀರ್ಪು ಕೊಡೋಕೆ ಆಗಲ್ಲ, ನಾನೂ ಕೊಡಲ್ಲ. ಆದರೆ ಸ್ಟುಡಿಯೋದ ಹೇಳಿಕೆಯನ್ನ ಅದರ ಹಳೇ ಹೇಳಿಕೆಯ ಪಕ್ಕ ಇಟ್ಟು ಓದಿ. 2020ರ ಮೇನಲ್ಲಿ ಇದೇ ಸ್ಟುಡಿಯೋ ನಟಿಗೆ ಧನ್ಯವಾದ ಹೇಳಿ, ಶುಭ ಹಾರೈಸಿ ಕಳಿಸಿಕೊಟ್ಟಿತ್ತು. ನಟಿಯೂ ಆಗ ತಂಡವನ್ನು ಹೊಗಳಿ, ಬಿಡೋದು ಸುಲಭದ ನಿರ್ಧಾರವಲ್ಲ ಅಂದಿದ್ದರು. ಎರಡೂ ಕಡೆಯವರು ಆ ಸವಿಮಾತುಗಳನ್ನ 17 ತಿಂಗಳಿಗೆ ವಾಪಸ್ ತಗೊಂಡರು. ಅಷ್ಟರಲ್ಲಿ ಸರಣಿಯ ಮೂರನೇ ಸೀಸನ್ ಓಡ್ತಿತ್ತು.

2022ರ ಏಪ್ರಿಲ್ 29ಕ್ಕೆ ಸಿಡಬ್ಲ್ಯೂ ‘ಬ್ಯಾಟ್‌ವುಮನ್’ ನಿಲ್ಲಿಸಿತು. ಒಟ್ಟು 51 ಎಪಿಸೋಡು, ಅದರಲ್ಲಿ ರೂಬಿ ರೋಸ್ ಅವಧಿಯವು 20, ಜವಿಷಿಯಾ ಲೆಸ್ಲಿ ಅವಧಿಯವು 31. ವಾಹಿನಿಯನ್ನೇ ಮಾರೋ ಮಾತುಕತೆ ಆಗ ನಡೀತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ನೆಕ್ಸ್‌ಸ್ಟಾರ್ ಕಂಪನಿ ಅದರ ಮುಕ್ಕಾಲು ಪಾಲು ಕೊಂಡಿತು. ಜೈಲಿನಿಂದ ಬಂದ ಬ್ಯಾಟ್‌ವುಮನ್‌ಗೆ ಕೊನೆಗೆ ಕತ್ತರಿ ಬಿದ್ದಿದ್ದು ಲೆಕ್ಕಪತ್ರದಲ್ಲಿ.

ಇದರ ಮುಂದಿನ ಅಧ್ಯಾಯ ಹಾಲಿವುಡ್ಡಿನ ಬೀದಿಯಲ್ಲಿ ನಡೆಯಿತು. 2023ರ ಜುಲೈನಿಂದ ನವೆಂಬರ್‌ವರೆಗೆ 118 ದಿನ ನಟರ ಯೂನಿಯನ್ ಮುಷ್ಕರ ಹೂಡಿತು. ಬೇಡಿಕೆಗಳಲ್ಲಿ ಒಂದು, ನಟರ ಮುಖ ಮತ್ತು ದನಿಯ ಡಿಜಿಟಲ್ ನಕಲಿನ ಬಗ್ಗೆ. ಕಾಮೆನ್ ರೈಡರ್ ಕಾಲದಲ್ಲಿ ಹಳೇ ತುಣುಕು, ಪವರ್ ರೇಂಜರ್ಸ್ ಕಾಲದಲ್ಲಿ ಹೆಲ್ಮೆಟ್ಟು. ಈಗ ಮುಖವನ್ನೇ ಮುಖವಾಡ ಮಾಡಿ ಬೇರೆಯವರ ಮೈಗೆ ತೊಡಿಸಬಹುದು, ಆಗ ನಟರು ಹೋದರು ಅಂತ ಪ್ರೇಕ್ಷಕರಿಗೆ ಗೊತ್ತೇ ಆಗದಿರಬಹುದು. ಮುಷ್ಕರದ ಕೊನೆಗೆ ಬಂದ ಒಪ್ಪಂದದ ಪ್ರಕಾರ, ಇಂಥ ನಕಲು ಬಳಸಬೇಕಾದರೆ ಯಾವುದಕ್ಕೆ ಅಂತ ಬಿಡಿಸಿ ಹೇಳಿ ನಟರ ಒಪ್ಪಿಗೆ ಪಡೀಬೇಕು. ಕೆಲಸಕ್ಕೆಂದು ನಟರನ್ನೇ ಕರೆದು ತಯಾರಿಸಿದ ನಕಲಾದರೆ, ಅವರೇ ಖುದ್ದಾಗಿ ಬಂದಿದ್ದರೆ ಎಷ್ಟು ದಿನ ಬೇಕಿತ್ತೋ ಅಷ್ಟು ದಿನದ ಸಂಬಳ ಕೊಡಬೇಕು. ಆ ಒಪ್ಪಂದದ ಅವಧಿ 2026ರ ಜೂನ್ 30ರವರೆಗೆ.